ಹದಿನೇಳನೆಯ ಪೆಟ್ಟಿಗೆಯ ಆಯಸ್ಸು

"ತಂಪಣ್ಣ, ಈ ಪೆಟ್ಟಿಗೆ ಸತ್ತು ನಾಲ್ಕು ವರ್ಷ ಆಯ್ತಲ್ರೀ!" ಲೆಕ್ಕದಮ್ಮ ಕೈಯಲ್ಲಿದ್ದ ಪಟ್ಟಿಯನ್ನೂ ಎದುರಿಗಿದ್ದ ಹದಿನೇಳನೇ ನಂಬರಿನ ಹಾಲಿನ ಪೆಟ್ಟಿಗೆಯನ್ನೂ ಎರಡೆರಡು ಸಲ ನೋಡಿದಳು.

ಸತ್ತದ್ದು ಗುಂಡುಕಲ್ಲಿನ ಹಾಗೆ ನಿಂತು ಗುಂಯ್‌ಗುಡುತ್ತಿತ್ತು. ಒಳಗೆ ಹಾಲು, ಮೊಸರು, ಬೆಣ್ಣೆ. ಬಾಗಿಲ ಗಾಜಿನ ಮೇಲೆ ತೆಳ್ಳಗೆ ಮಂಜು.

ಆ ದೊಡ್ಡ ಅಂಗಡಿಯಲ್ಲಿ ತಳ್ಳುಗಾಡಿಯಿಂದ ಹಿಡಿದು ಲಿಫ್ಟಿನವರೆಗೆ ಎಲ್ಲಕ್ಕೂ ಒಂದು ನಂಬರು, ನಂಬರಿಗೊಂದು ಆಯಸ್ಸು. ತಣ್ಣನೆ ಪೆಟ್ಟಿಗೆಗೆ ಎಂಟು ವರ್ಷ. ವರ್ಷ ವರ್ಷ ಬೆಲೆ ಇಳಿಸುತ್ತ ಹೋಗಿ ಕೊನೆಗೆ ಸೊನ್ನೆ ಮಾಡುವುದು ಲೆಕ್ಕದಮ್ಮನ ಕೆಲಸ. ಮುಖ್ಯ ಕಚೇರಿಯ ಕುರ್ಚಿ ಬಿಟ್ಟೇಳದೆ ಎಷ್ಟು ವಸ್ತುಗಳನ್ನು ಸೊನ್ನೆ ಮಾಡಿದ್ದಳೋ! ಅವುಗಳಲ್ಲಿ ಒಂದರ ಮುಖ ನೋಡುತ್ತಿದ್ದುದು ಇದೇ ಮೊದಲು. ಸೊನ್ನೆಯಾದದ್ದು ಓಡುತ್ತಿದ್ದರೂ ಗುಜರಿಗೆ ಹೋಗಬೇಕೆಂದು ಈ ವರ್ಷ ಹೊಸ ಆದೇಶ; ಪಟ್ಟಿ ತಾಳೆ ನೋಡಲು ಅವಳೇ ಬಂದಿದ್ದಳು. ಹೊಸ ಪೆಟ್ಟಿಗೆಗಳ ಜೊತೆ ಅವುಗಳ ಕಂಪನಿಯ ಮೆಕ್ಯಾನಿಕ್ಕೂ ಬರುತ್ತಾನೆ. ಅಂದಮೇಲೆ ಅಂಗಡಿಗೆ ತನ್ನದೇ ಮೆಕ್ಯಾನಿಕ್ ಯಾಕೆ? ಇದು ಅಂಗಡಿಯ ಮೆಕ್ಯಾನಿಕ್ ತಂಪಣ್ಣನಿಗೂ ಗೊತ್ತಿತ್ತು.

"ಸೊನ್ನೆ ಅಂತ ಬರೆದಿದ್ದು ಯಾರಮ್ಮಾ?"

"ನಾನೇ."

"ನೋಡ್ದೇನೇ?"

ಮುಖ ಎಲ್ಲಿಟ್ಟುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಆದರೆ ನಾಚಿಕೆಗಿಂತ ಕುತೂಹಲವೇ ದೊಡ್ಡದಾಗಿತ್ತು. "ಒಳಗೇನಿದೆ? ತೋರ್ಸಿ ನೋಡೋಣ" ಎಂದು ನೆಲಕ್ಕೆ ಮಂಡಿಯೂರಿದಳು.

ತಂಪಣ್ಣ ಕೆಳಗಿನ ತಗಡು ಬಿಚ್ಚಿದ. "ಈ ಮೋಟರು ಹನ್ನೊಂದನೇ ನಂಬರಿಂದು. ಫ್ಯಾನು ಇಪ್ಪತ್ತೆರಡರದ್ದು. ಪೈಪು ಮೀನಿನ ಪೆಟ್ಟಿಗೇದು."

"ಅವೆಲ್ಲ ಗುಜರಿಗೆ ಹೋಗಿದ್ವಲ್ಲ?"

"ಹೋಗೋ ಮುಂಚೆ ಬಿಚ್ಕೊಂಡೆ."

ಅಬ್ಬಬ್ಬಾ! ಹನ್ನೊಂದೂ ಸೊನ್ನೆ, ಇಪ್ಪತ್ತೆರಡೂ ಸೊನ್ನೆ. ಅವಳು ಅಳಿಸಿಹಾಕಿದ್ದೆಲ್ಲ ಒಂದೇ ಕಡೆ ಸೇರಿಕೊಂಡು ಊರಿಗೆಲ್ಲ ಹಾಲನ್ನು ತಣ್ಣಗಿಡುತ್ತಿತ್ತು. ಲೆಕ್ಕದಮ್ಮನಿಗೆ ನಗು ಬಂತು, ಹಿಂದೆಯೇ ಒಂದು ಯೋಚನೆಯೂ ಬಂತು. ಪಟ್ಟಿಯ ಕೊನೆಯಲ್ಲಿ ಒಂದು ಕಾಲಂ ಇದೆ: ಇನ್ನೆಷ್ಟು ವರ್ಷ ಬಾಳಿಕೆ? ನೋಡಿದವರೇ ತುಂಬಬೇಕು. ಹೋದ ವರ್ಷದ್ದರಲ್ಲಿ ಒಂದು ಕಳೆದು ಬರೆಯುವುದು ಎಲ್ಲರ ರೂಢಿ.

"ಇಲ್ಲಿ ಐದು ಅಂತ ಬರೆದ್ರೆ ಐದು ವರ್ಷ ಇದನ್ನ ಯಾರೂ ಮುಟ್ಟಲ್ಲ. ನಿಮ್ಮನ್ನೂ ಮುಟ್ಟಲ್ಲ" ಎಂದು ದನಿ ತಗ್ಗಿಸಿದಳು. "ನಿವೃತ್ತಿಗೆ ಎಷ್ಟಿದೆ?"

"ನಾಲ್ಕು."

"ಹೇಳಿ ಮತ್ತೆ, ಇದು ಇನ್ನೆಷ್ಟು ವರ್ಷ ಓಡತ್ತೆ?"

ತಂಪಣ್ಣ ಪೆಟ್ಟಿಗೆಗೆ ಕಿವಿಯಿಟ್ಟ. ಬಹಳ ಹೊತ್ತು ಹಾಗೇ ಇದ್ದ.

"ಒಂದು."

"ಅಯ್ಯೋ, ಸರಿಯಾಗಿ ಕೇಳಿಸ್ಕೊಳ್ರೀ!"

"ಇಪ್ಪತ್ತೆಂಟು ವರ್ಷದಿಂದ ಇಂಥ ಪೆಟ್ಟಿಗೆಗಳನ್ನೇ ಕೇಳಿಸ್ಕೊಳ್ತಿದೀನಮ್ಮಾ. ಮುಂದಿನ ಬೇಸಿಗೆ ದಾಟಿದ್ರೆ ಹೆಚ್ಚು. ನನ್ನ ಹೊಟ್ಟೆಪಾಡಿಗೆ ಅಂತ ಐದು ಬರೆದ್ರೆ, ಕೆಟ್ಟ ಹಾಲು ಕುಡಿಯೋದು ಯಾರದೋ ಮಗು."

ಲೆಕ್ಕದಮ್ಮನಿಗೆ ಸಂಕಟವಾಯಿತು. ಒಂದು ಎಂದೇ ಬರೆದಳು.

ತಂಪಣ್ಣ ತಗಡು ಮುಚ್ಚಿ, ಸ್ಕ್ರೂ ಬಿಗಿದು, ಎದ್ದು ನಿಂತ. ಪಕ್ಕದಲ್ಲಿ ಹೋದ ವರ್ಷವಷ್ಟೇ ಬಂದ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು.

"ಇದಕ್ಕೆಷ್ಟು ಬರೆದಿದೀರಿ?"

"ಏಳು."

ಅವನು ಅದಕ್ಕೂ ಕಿವಿಯಿಟ್ಟು, ಕಣ್ಣು ಮುಚ್ಚಿ, ತಲೆಯಾಡಿಸಿದ. "ಮೂರು."

ಲೆಕ್ಕದಮ್ಮ ಪಟ್ಟಿಯ ಮೊದಲ ಹಾಳೆಗೆ ಮರಳಿದಳು. ಬೆಳಿಗ್ಗೆಯಿಂದ ಒಂದೊಂದು ಕಳೆದು ತುಂಬಿದ್ದ ಕೊನೆಯ ಕಾಲಮನ್ನು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ತಂಪಣ್ಣ ಆಗಲೇ ಸಾಲಿನ ಮುಂದಿನ ಪೆಟ್ಟಿಗೆಯ ಹತ್ತಿರ ಬಗ್ಗಿದ್ದ. ಅವಳೂ ಹೋಗಿ, ಅದರ ಇನ್ನೊಂದು ಬದಿಗೆ ಕಿವಿಯಿಟ್ಟಳು.