ಅಡುಗೆಮನೆಯ ಮೂಗು

ಹೊಗೆ, ಆದರೆ ಒಲೆಯ ಹೊಗೆಯಲ್ಲ, ಒದ್ದೆ ಮಣ್ಣನ್ನು ಸುಟ್ಟಂಥದ್ದು, ಅದರ ಹಿಂದೆ ಗಾಯಕ್ಕೆ ಹಚ್ಚುವ ಟಿಂಚರು, ಅದರ ಹಿಂದೆ ಏನೋ ಉಪ್ಪುಪ್ಪು — ಸಾಕು ತೆಗೀರಿ ಆಚೆ, ಸಾಸಿವೆ ಸಿಡೀತಾ ಇದೆ — ಒಂದು ಕೈಯಲ್ಲಿ ಸೌಟು, ಮೂಗಿನ ಕೆಳಗೆ ಗಂಡ ತಂದು ಹಿಡಿದ ವಿಸ್ಕಿ, ಯಾವ ಹೆಂಗಸಿಗೆ ಇದ್ದೀತು ಈ ಭಾಗ್ಯ. ಹೋದ ತಿಂಗಳು ಕಪ್ಪು ಡಬ್ಬದಲ್ಲಿ ಬಂದಿತ್ತಲ್ಲ, ಅದೇ ಇದು, ಎಂದೆ. ಖಂಡಿತಾನಾ ಕಲ್ಯಾಣಿ. ಖಂಡಿತ. ಇವರ ಮುಖ ಅರಳಿತು, ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿಕೊಂಡು, ನೆಪಕ್ಕೆ ಐಸಿನ ಬಟ್ಟಲೊಂದನ್ನು ಎತ್ತಿಕೊಂಡು ಹಾಲಿಗೆ ನಡೆದರು, ಈಗ ಗಂಟಲು ಸರಿಮಾಡಿಕೊಳ್ಳುತ್ತಾರೆ, ಮಾಡಿಕೊಂಡರು, ಪೀಟ್, ಅಯೋಡಿನ್, ಹಿಂದೆ ಒಂಚೂರು ಸೀ ಸಾಲ್ಟ್ — ನನ್ನ ಟಿಂಚರು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಇಂಗ್ಲಿಷ್ ಕಲಿತುಬಿಡುತ್ತದೆ. ಗೌರಿಬಿದನೂರಿನ ನರಸಿಂಹಮೂರ್ತಿ, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ರಿಟೈರಾದ ಮನುಷ್ಯ, ಭೇಷ್ ಎನ್ನುತ್ತಾರೆ. ಚಿಂತಾಮಣಿಯ ಹಲ್ಲಿನ ಡಾಕ್ಟರು ಅಂಬರೀಶ್, ಮೋಹನ್‌ಬಾಬುದು ಮೂಗಲ್ಲಪ್ಪ ಮಿಷನ್ನು, ಎನ್ನುತ್ತಾರೆ. ಮಿಷನ್ನು ಇಲ್ಲಿ ಒಗ್ಗರಣೆ ಹಾಕುತ್ತಿದೆ, ಯಾರಿಗೂ ಗೊತ್ತಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಹನ್ನೆರಡರಿಂದ, ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ, ಯಾವ ಬಾಟಲಿಯದೆಂದು ಮೂಸಿ ಹೇಳುವ ಈ ಪೂಜೆ, ಲೇಬಲ್ಲು ಕಾಣಬಾರದೆಂದು ಬಾಟಲಿಗಳಿಗೆ ಚೀಲ ತೊಡಿಸುತ್ತಾರೆ, ಚೀಲ ಹೊಲಿಸಿರುವುದು ನನಗೆ ಊರವರು ಮಡಿಲು ತುಂಬಿ ಕೊಟ್ಟ ರವಿಕೆ ಕಣಗಳಲ್ಲಿ. ಹಸಿರು ಜರಿಯಂಚಿನ ರವಿಕೆ ತೊಟ್ಟು ಕೂತಿದೆ ಒಂದು ವಿಸ್ಕಿ, ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಇವರು ಮತ್ತೆ ಮತ್ತೆ ಒಳಗೆ ಬರುವುದನ್ನು ಕಂಡು ಅವರಿಬ್ಬರಿಗೂ ನಗು, ಈ ವಯಸ್ಸಿನಲ್ಲೂ ಹೆಂಡತಿಯನ್ನು ಐದು ನಿಮಿಷ ಬಿಟ್ಟಿರಲಾರನಂತೆ.

ಆ ಬಕೆಟ್ಟು ತೊಳೆಯುವುದು ಮಾತ್ರ ನನ್ನ ಪಾಲು. ವಿಸ್ಕಿಯಾಗಲಿ ವೈನಾಗಲಿ ಅವರಿಬ್ಬರೂ ರುಚಿ ನೋಡಿ ಉಗಿಯುತ್ತಾರೆ, ಉಗಿಯುವುದೇ ಸರಿಯಾದ ಪದ್ಧತಿಯಂತೆ, ಬಾಯಲ್ಲಿ ಗಳಗಳ ಮುಕ್ಕಳಿಸಿ, ಕಣ್ಣು ಮುಚ್ಚಿ, ತಪಸ್ಸಿನಿಂದ ಎದ್ದವರಂತೆ ಕಣ್ಣು ತೆರೆದು, ಪಿಚಕ್. ಇಬ್ಬರ ಎಂಜಲೂ ಒಂದೇ ಸ್ಟೀಲ್ ಬಕೆಟ್ಟಿನಲ್ಲಿ ಕೆಂಪಗೆ ನೊರೆ ಕಟ್ಟಿಕೊಂಡಿರುತ್ತದೆ, ಸಂಜೆ ಅದನ್ನು ಹಿತ್ತಿಲಿನ ಬಚ್ಚಲಿಗೆ ಸುರಿಯುವವಳು ನಾನು, ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಬಿಡುವುದಿಲ್ಲ, ಕೆಮಿಸ್ಟ್ರಿಯವರ ವೀಳ್ಯದೆಲೆ, ಡಾಕ್ಟರ ಲವಂಗ, ಎಲ್ಲ ಬೇರೆಬೇರೆಯಾಗಿ ಬರುತ್ತವೆ, ಥೂ. ನಾನು ಕುಡಿದ ಲೋಟದಲ್ಲಿ ಇವರು ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಒಂದು ಗುಟುಕು ನೀರು ಕುಡಿದವರಲ್ಲ, ಎಂಜಲು ಕಣೇ ಎಂದು ಪಕ್ಕಕ್ಕೆ ಸರಿಸುತ್ತಿದ್ದರು, ಈಗ ನೋಡಿದರೆ ಒಬ್ಬರ ಗ್ಲಾಸಿಗೆ ಇನ್ನೊಬ್ಬರು ಮೂಗಿಳಿಸಿ ಕೂರುತ್ತಾರೆ. ಇವರು ಉಗಿಯುವುದಿಲ್ಲ. ಒಳ್ಳೆಯ ಪದಾರ್ಥವನ್ನು ಉಗಿಯೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ ಎನ್ನುತ್ತಾರೆ, ನುಂಗುತ್ತಾರೆ, ಎಲ್ಲವನ್ನೂ, ಹೋಲಿಸುವುದಕ್ಕೆ ಒಂದು ಸಲ, ಹೋಲಿಸಿದ್ದು ಸರಿಯೋ ಎಂದು ನೋಡುವುದಕ್ಕೆ ಇನ್ನೊಂದು ಸಲ, ಸೋಮವಾರದಿಂದ ಶನಿವಾರದವರೆಗೆ ಅಭ್ಯಾಸಕ್ಕೆಂದು ಒಬ್ಬರೇ.

ಚಟ್ನಿಗೆ ಉಪ್ಪು ಹಾಕಿದೆನೋ ಇಲ್ಲವೋ, ಹಾಕಿದ್ದೇನೆ, ವಾಸನೆಯಲ್ಲೇ ತಿಳಿಯುತ್ತದೆ, ತಿಳಿಯಬಾರದಿತ್ತು, ಈ ಮೂಗು ನನಗೆ ಬೇಕಾಗಿರಲಿಲ್ಲ. ಈ ಪಿಲ್ಲಕಿ ಮುಕ್ಕು ಎಕ್ಕುವ, ಎನ್ನುತ್ತಿದ್ದಳು ಅಮ್ಮ, ಸಾದಲಿಯ ಚಿಕ್ಕವೆಂಕಟಮ್ಮ, ಈ ಹುಡುಗಿಗೆ ಮೂಗು ಜಾಸ್ತಿ ಎಂದು, ತೆಲುಗಿನಲ್ಲೇ ಬೈದು ತೆಲುಗಿನಲ್ಲೇ ಮುದ್ದು ಮಾಡುವ ಹೆಂಗಸು. ರೇಷ್ಮೆ ಹುಳುವಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಗಮ್ಮೆನ್ನುವ ಸೋಪು ಹಚ್ಚುವಂತಿಲ್ಲ, ಬೀಡಿ ಸೇದಿದವರು ಹೊಸ್ತಿಲು ದಾಟುವಂತಿಲ್ಲ, ಹುಳು ಇದ್ದಷ್ಟು ದಿನ ಮನೆಗೇ ವಾಸನೆಯೆಂಬುದಿಲ್ಲ, ಹಿಪ್ಪುನೇರಳೆ ಸೊಪ್ಪಿನ ಹಸಿ ಒಂದು ಬಿಟ್ಟರೆ. ಅಂಥ ಮನೆಯಲ್ಲಿ ಬೆಳೆದ ಮೂಗಿಗೆ ಒಂದು ಎಳೆ ಬದಲಾದರೂ ಗೊತ್ತಾಗುತ್ತದೆ. ಹುಳು ಸಾಕುವ ತಟ್ಟೆಗಳ ಮೇಲೆ ಬಗ್ಗಿ ಸಾಲಾಗಿ ಮೂಸಿಕೊಂಡು ಬರುತ್ತಿದ್ದೆ, ಏಳನೇದು, ಅಮ್ಮ, ಏಳನೇದು, ಹುಳುಗಳು ಕಣ್ಣಿಗೆ ಚೆನ್ನಾಗಿಯೇ ಇರುತ್ತಿದ್ದವು, ಸೊಪ್ಪು ತಿನ್ನುತ್ತಿರುತ್ತಿದ್ದವು, ಆದರೆ ಒಂದು ಸಿಹಿ, ತಣ್ಣನೆಯ ಸಿಹಿ, ಹಣ್ಣಿನದಲ್ಲದ ಸಿಹಿ. ಮಾರನೇ ದಿನ ಮೆತ್ತಗಾಗುತ್ತಿದ್ದವು, ಸಪ್ಪೆ ರೋಗ, ಮುಟ್ಟಿದರೆ ಒಳಗಿನದೆಲ್ಲ ನೀರು. ಅಮ್ಮ ತಟ್ಟೆಯನ್ನು ಎತ್ತಿ ಸುಣ್ಣದ ಗುಂಡಿಗೆ ಬಗ್ಗಿಸುತ್ತಿದ್ದಳು, ಮಿಕ್ಕ ತಟ್ಟೆ ಉಳಿಯುತ್ತಿತ್ತು. ಇವರಿಗೆ ನನ್ನ ಮೂಗು ಸಿಕ್ಕಿದ್ದು ಮೂರು ವರ್ಷದ ಹಿಂದೆ, ದೊಡ್ಡ ಹೆಸರಿನದೊಂದು ಬಾಟಲಿ ತಂದು ಮೇಜಿನ ಮೇಲಿಟ್ಟಾಗ, ಬಡಿಸುತ್ತಾ ಇದ್ದವಳು ಇದು ಹೋದ ಸಲದ್ದೇ ಅಲ್ವಾ, ಮುಚ್ಚಳ ಬೇರೆ ಅಷ್ಟೆ, ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಹಾಯಾಗಿ ಮಲಗಿರಬಹುದಿತ್ತು.

ನಲವತ್ತು ದಿನ ಆಯಿತು. ಒಂದು ಬೆಳೆ ಹುಳು ಗೂಡು ಕಟ್ಟಿ, ಇನ್ನೊಂದು ಬೆಳೆ ಅರ್ಧ ಬೆಳೆಯುವಷ್ಟು ಕಾಲ. ಅವತ್ತು ಇವರು ಊಟ ಮಾಡಿ ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದರು, ನಾಲಿಗೆ ಪೋರ್ಟ್ ವೈನಿನ ಬಣ್ಣಕ್ಕೆ ನೇರಳೆಯಾಗಿತ್ತು, ಫ್ಯಾನು ಸಾಲದೆ ಕಿಟಕಿ ತೆಗೆಯಲು ಹೋದವಳು ನಿಂತುಬಿಟ್ಟೆ, ಏಳನೇ ತಟ್ಟೆ. ಕುಡಿದವರ ಬಾಯಿ ನನಗೆ ಗೊತ್ತಿಲ್ಲವೇ, ಹುಳಿ ಗೊತ್ತು, ಸಿಗರೇಟು ಗೊತ್ತು, ಇದು ಅದಲ್ಲ, ಇದು ಹಲ್ಲುಜ್ಜಿದರೆ ಹೋಗುವುದಲ್ಲ, ಒಳಗಿನಿಂದ ಬರುವಂಥದ್ದು. ಎದ್ದ ಮೇಲೆ ಹೇಳಿದೆ, ಹೇಳಲಿಲ್ಲವೆಂದು ಯಾರೂ ಅನ್ನುವ ಹಾಗಿಲ್ಲ, ರೀ, ನಿಮ್ ಉಸಿರು ಬೇರೆ ಥರ ಆಗೈತೆ, ಯಾರ್ಗಾದ್ರೂ ತೋರಿಸ್ಕೊಳ್ಳಿ ಎಂದೆ. ನಕ್ಕರು. ಹುಳಾ ಮೂಸ್ಕೊಂಡು ಬೆಳ್ದೋಳಿಗೆ ಮನುಷ್ರ ವಾಸ್ನೆ ಏನು ಗೊತ್ತೇ ಕಲ್ಯಾಣಿ, ಎಂದರು. ವೈನು ಗೊತ್ತಾಗುತ್ತದೆ, ಪೋರ್ಟು ಗೊತ್ತಾಗುತ್ತದೆ, ಹನ್ನೆರಡು ವರ್ಷದ ವಿಸ್ಕಿ ಯಾವುದು ಹದಿನೆಂಟು ವರ್ಷದ್ದು ಯಾವುದು ಗೊತ್ತಾಗುತ್ತದೆ, ಮನುಷ್ಯರದು ಮಾತ್ರ ಗೊತ್ತಾಗುವುದಿಲ್ಲ. ಸರಿ ಬಿಡಿ, ಎಂದೆ. ಅಂದಿನಿಂದ ಹೇಳಿಲ್ಲ. ಮರೆತಿದ್ದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳಲಾರೆ, ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಬಗ್ಗಿ ಮೂಸಿದ್ದೇನೆ, ನಿನ್ನೆಗಿಂತ ಇವತ್ತು ಜಾಸ್ತಿ ಎಂದು ಹೋಲಿಸಿದ್ದೇನೆ, ಇವರೆಲ್ಲ ಸೇರಿ ಹೋಲಿಸುವುದಕ್ಕಿಂತ ನಯವಾಗಿ. ಅನ್ನ ಕಡಿಮೆಯಾಯಿತು, ಕೆನ್ನೆ ಬತ್ತಿತು, ತೋಳು ಸೊರಗಿತು, ಹೊಟ್ಟೆ ಮಾತ್ರ ಮುಂದಕ್ಕೇ ಇದೆ. ಹೇಳಬೇಕು ಎಂದುಕೊಂಡು ಬಾಯಿ ತೆರೆದರೆ ಆ ನಗು ನೆನಪಾಗುತ್ತದೆ, ಬಕೆಟ್ಟು ನೆನಪಾಗುತ್ತದೆ, ಅನುಭವಿಸಲಿ ಎಂದು ಒಳಗೊಬ್ಬಳು ಹೇಳುತ್ತಾಳೆ, ಅವಳು ಬೇರೆ ಯಾರೂ ಅಲ್ಲ. ಇವರ ಮೇಲಿನ ಅಸಹ್ಯ ಹಳೆಯದು, ಅದರ ಜೊತೆ ಬದುಕಿದ್ದೇನೆ, ನನ್ನ ಮೇಲೆ ಹುಟ್ಟಿದ್ದು ಹೊಸದು.

ಬಂದರು ನೋಡು ಮತ್ತೆ. ಈ ಸಲ ಕಡಲೆಬೀಜದ ನೆಪ. ಎರಡು ಪೋರ್ಟು ಕಣೇ, ಒಂದು ಪೋರ್ಚುಗಲ್ಲಿಂದು, ಒಂದು ನಮ್ ಕಡೆ ನೀಲಿ ದ್ರಾಕ್ಷಿದು, ಇದು ಯಾವುದು ಬೇಗ ಹೇಳು, ಮೂರ್ತಿ ಕಾಯ್ತಾವ್ರೆ. ತುಟಿಯಂಚು ನೇರಳೆ, ಆಗಲೇ ಕುಡಿದು ನೋಡಿದ್ದಾರೆ, ಘಮ ಏಳಲೆಂದು ಗ್ಲಾಸಿಗೆ ಉಸಿರುಬಿಟ್ಟು ಅಂಗೈ ಮುಚ್ಚಿ ತಂದಿದ್ದಾರೆ, ಕೈ ತೆಗೆದರು. ಒಣದ್ರಾಕ್ಷಿ, ಎಂದೆ, ಬೆಲ್ಲದ ಪಾಕ ಒಂದೆಳೆ ಮೀರಿದ್ದು, ನಮ್ಮ ಕಡೆಯ ಹಣ್ಣೇ, ಆ ಸಿಪ್ಪೆಯ ಘಾಟು ನನಗೆ ಗೊತ್ತಿಲ್ಲವೇ, ನಮ್ಮ ಕಡೆಯದೇ ಎಂದು ಹೇಳಬೇಕೆನ್ನುವಷ್ಟರಲ್ಲಿ ಅದು ಮೇಲೆದ್ದು ಬಂತು, ಗ್ಲಾಸಿನ ಒಳಗೆ ಇಷ್ಟು ಹೊತ್ತು ಕೂಡಿಟ್ಟಿದ್ದು, ಹಿಂದೆಂದೂ ಇಷ್ಟು ಹತ್ತಿರ ಬಂದಿರಲಿಲ್ಲ. ಸೀ, ಎಂದೆ, ಕೊಳೆತ ಸೀ, ಹುಳ ಮೆತ್ತಗಾಗೋ ಹಿಂದಿನ್ ದಿನ ತಟ್ಟೇಲಿ ಬರ್ತದಲ್ಲ, ಅದು — ಕೊಳೆತದ್ದಾ, ಹಂಗಾದ್ರೆ ಹಳೇ ಪೀಪಾಯಿಂದು, ಪೋರ್ಚುಗಲ್ಲೇ, ಎಂದು ಗ್ಲಾಸಿಗೆ ಮತ್ತೆ ಅಂಗೈ ಮುಚ್ಚಿ ತಿರುಗಿಬಿಟ್ಟರು, ಬೀಜದ ತಟ್ಟೆಯನ್ನೂ ಮರೆತರು. ಕರೆಯಬಹುದಿತ್ತು. ಕರೆಯಲಿಲ್ಲ, ಪಲ್ಯ ತಿರುವಿದೆ, ಸೀದಿರಲಿಲ್ಲ, ಆದರೂ ತಿರುವಿದೆ. ಹಾಲಿನಲ್ಲಿ ಇವರ ಗಂಟಲು, ಓವರ್‌ರೈಪ್, ಒಣಗಿದ ಹಣ್ಣು, ಕೊನೆಗೆ ಒಂದು ಡಿಕೇ, ಆದ್ರೆ ಸೊಗಸಾದ ಡಿಕೇ. ನನ್ನ ಗ್ಲಾಸಲ್ಲಿ ಅಂಥದ್ದೇನೂ ಇಲ್ವಲ್ಲ ಬಾಬು, ಎಂದರು ನರಸಿಂಹಮೂರ್ತಿ. ಇಕೋ, ನಂದು ಮೂಸಿ, ಎಂದರು ಇವರು. ಕುರ್ಚಿ ಎಳೆದ ಸದ್ದು, ಆಮೇಲೆ ಮೂಗಿನಿಂದ ಉದ್ದಕ್ಕೆ ಎಳೆದುಕೊಂಡ ಸದ್ದು, ಅಡುಗೆಮನೆಯವರೆಗೂ ಕೇಳಿಸಿತು. ಹೌದಪ್ಪಾ ಹೌದು, ಏನೋ ಒಂದು ಸಿಹಿ ಐತೆ, ಹಿಂದೆ ನಿಂತ್ಕೊಂಡೈತೆ, ಅಪರೂಪದ್ದು, ಡಾಕ್ಟ್ರೇ ನೀವೂ ನೋಡಿ.

ನನ್ನ ಗಂಡ ಒಳಗೊಳಗೇ ಕೊಳೆಯುತ್ತಿರುವುದನ್ನು ಇಬ್ಬರು ಗೆಳೆಯರು ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದಾರೆ. ಸೌಟು ಬಿಟ್ಟು ಹಾಲಿಗೆ ನಡೆದೆ. ಪ್ರೀತಿಯಿಂದ ಹೋದೆ ಎಂದು ಯಾರಾದರೂ ಹೇಳಿದರೆ ಸುಳ್ಳು, ತಡೆಯಲಾಗದ ಹೇಸಿಗೆಯಿಂದ ಹೋದೆ, ಮೂರು ವರ್ಷದಲ್ಲಿ ಈ ಭಾನುವಾರಗಳಂದು ಆ ಬಾಗಿಲಲ್ಲಿ ನಾನು ನಿಂತದ್ದಿಲ್ಲ. ಗ್ಲಾಸು ಡಾಕ್ಟರ ಮೂಗಿನಲ್ಲಿತ್ತು. ಒಂದು ಸಲ ಎಳೆದುಕೊಂಡರು, ಎರಡನೇ ಸಲ ಎಳೆದುಕೊಂಡು ತಮ್ಮ ಗ್ಲಾಸು ಮೂಸಿದರು, ಮತ್ತೆ ಇದನ್ನು. ಇವರ ಮುಖ ನಗುತ್ತಿದೆ, ಏನೇ, ಎಂದರು, ಬೀಜ ಎಲ್ಲಿ. ಅದು ವೈನಿಂದಲ್ಲ, ಡಾಕ್ಟ್ರೇ, ಎಂದೆ. ಇವರ ಉಸಿರಿಂದು. ನಲವತ್ತು ದಿನದಿಂದ ಐತೆ. ನರಸಿಂಹಮೂರ್ತಿ ನಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಡಾಕ್ಟರು ಗ್ಲಾಸನ್ನು ಮೇಜಿನ ಮೇಲಿಟ್ಟು ಕೈಯನ್ನು ಕರ್ಚೀಫಿಗೆ ಒರೆಸಿಕೊಂಡರು, ಇವರನ್ನು ನೋಡಲಿಲ್ಲ, ನನ್ನನ್ನು ನೋಡಿ ಮೆತ್ತಗೆ ಕೇಳಿದರು, ನಲವತ್ತು ದಿನದಿಂದ ಗೊತ್ತಿತ್ತೇನಮ್ಮ ನಿಮ್ಗೆ. ಗೊತ್ತಿತ್ತು, ಎಂದೆ. ಹೇಳಿದ್ದೆ ಎಂದು ಹೇಳಬಹುದಿತ್ತು, ಒಂದು ಸಲ ಹೇಳಿದ್ದೆನಲ್ಲ, ಆದರೆ ಆ ಒಂದು ಸಲ ಈ ಹಾಲಿನಲ್ಲಿ ಎತ್ತಿ ಹಿಡಿಯುವಷ್ಟು ದೊಡ್ಡದಾಗಿರಲಿಲ್ಲ. ಬಾ ಬಾಬು ಇಲ್ಲಿ, ಕಿಟಕಿ ಹತ್ರ, ಬಾಯಿ ತೆಗಿ, ಎಂದರು ಡಾಕ್ಟರು. ತಮಾಷೆ ಮಾಡ್ತೀರಾ ಎನ್ನುತ್ತಲೇ ಇವರು ಎದ್ದರು, ಎದ್ದು ಹೋಗಿ ಪರದೆ ಸರಿಸಿದ ಬಿಸಿಲಿನಲ್ಲಿ ನಿಂತು ಬಾಯಿ ತೆರೆದರು. ಡಾಕ್ಟರು ಬಾಯಿಯನ್ನು ನೋಡಲೇ ಇಲ್ಲ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದರು, ಬೆಳ್ಳಗಿರಬೇಕಾದ್ದು ಅರಿಸಿನ, ಮೂರ್ತಿಗಳೇ ಕಾರು ತೆಗೀರಿ ಎಂದರು, ಯಾರೂ ಬಾಯಿ ಮುಚ್ಚು ಎನ್ನಲಿಲ್ಲ, ಇವರು ಮುಚ್ಚಲೂ ಇಲ್ಲ, ಡಾಕ್ಟರ ಭುಜದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಾರೆ, ಇದೇನು, ಬೇಗ ಹೇಳು, ಎನ್ನುವ ಅದೇ ನೋಟ, ನನಗೆ ಗೊತ್ತು, ಮೊದಲನೇ ದಿನದಿಂದ ಗೊತ್ತು, ನಾಲಿಗೆ ನೇರಳೆ, ಬಿಸಿಲು ನಾಲಿಗೆಯ ಬುಡದವರೆಗೂ ಬಿದ್ದಿದೆ, ಬಾಯಿ ತೆರೆದೇ ಇದೆ, ಹೇಳು ಎನ್ನುತ್ತಿದ್ದಾರೆ, ಬಾಯಿ ತೆರೆದೇ ಇದೆ, ನೇರಳೆ, ತೆರೆದೇ ಇದೆ