ನೂರು ಹೆಜ್ಜೆ ಆಚೆ ಚಿಕ್ಕಪ್ಪ

ಹೋದ ವರ್ಷ ನಗರಸಭೆಯವರು ಸಮುದಾಯ ಅನುದಾನದ ಮತಪೆಟ್ಟಿಗೆಯನ್ನು ತಮ್ಮ ಕಚೇರಿಯ ಮೆಟ್ಟಿಲ ಕೆಳಗೆ ಇಟ್ಟಿದ್ದರು. ಊರಿಗೆ ಏನು ಬೇಕೆಂದು ಊರಿನವರೇ ಆರಿಸಲಿ ಎಂಬ ದೊಡ್ಡ ಆಸೆ. ಬಿದ್ದ ಮತ ನಲವತ್ತೊಂದು, ಅದರಲ್ಲಿ ಮೂವತ್ತು ಕಚೇರಿಯವರದೇ. ಹಾಗಾಗಿ ಈ ವರ್ಷ ಪೆಟ್ಟಿಗೆಯೇ ಜನರ ಬಳಿಗೆ ಹೋಗಲಿ ಎಂದು ಮೇಲಧಿಕಾರಿ ತೀರ್ಮಾನಿಸಿದರು. ಪೆಟ್ಟಿಗೆಗೆ ಕಾಲಿಲ್ಲದ್ದರಿಂದ ಅದನ್ನು ಹೊರುವ ಕೆಲಸ ಗುಮಾಸ್ತೆಯ ತಲೆಗೆ ಬಂತು.

ಇಪ್ಪತ್ತು ವರ್ಷ ಜನನ ಮರಣ ವಿಭಾಗದಲ್ಲಿ ತಣ್ಣಗೆ ಕೂತು ಮೊಹರು ಒತ್ತಿದ ಹೆಂಗಸು ಅವಳು. ಈಗ ಒಂದು ಮಡಚುವ ಮೇಜು, ಒಂದು ಪೆಟ್ಟಿಗೆ, ಒಂದು ಕಟ್ಟು ಮತಪತ್ರ ಹೊತ್ತುಕೊಂಡು ಹತ್ತು ದಿನದಲ್ಲಿ ಹತ್ತು ಜಾಗ ಸುತ್ತಬೇಕಿತ್ತು. ಮತಪತ್ರದಲ್ಲಿ ಹದಿನೆಂಟು ಬೇಡಿಕೆಗಳು. ಮೂರಕ್ಕೆ ಗುರುತು ಹಾಕಬೇಕು, ಒಂದು ಕಡಿಮೆಯಾದರೂ ಮತ ಅಸಿಂಧು.

ಮೊದಲ ದಿನ ತರಕಾರಿ ಮಾರುಕಟ್ಟೆ. ಒಬ್ಬ ನೀರಿನ ಬಿಲ್ಲು ತಂದು ತೋರಿಸಿದ. ಇನ್ನೊಬ್ಬ ಪಕ್ಕದ ಮನೆಯ ನಾಯಿಯ ಮೇಲೆ ದೂರು ಬರೆದುಕೊಳ್ಳಿ ಎಂದು ಹಟ ಹಿಡಿದ. ಒಬ್ಬಾಕೆ ಎಲೆಕೋಸನ್ನು ಮೇಜಿನ ಮೇಲಿಟ್ಟು, ಸ್ವಲ್ಪ ನೋಡಿಕೊಂಡಿರಿ ಎಂದು ಹೋದವಳು ಮುಕ್ಕಾಲು ಗಂಟೆ ಪತ್ತೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಮತ, ಅದರಲ್ಲಿ ನಾಲ್ಕು ಅಸಿಂಧು. ಇದು ಸಾಲದು ಎಂಬಂತೆ ಚಿಕ್ಕಪ್ಪ ಪ್ರತ್ಯಕ್ಷರಾದರು.

ಅವಳ ತಂದೆಯ ತಮ್ಮ ಅವರು. ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಹೊರಡುವ ವೇಳೆ ಕೂಗಿ ನಿವೃತ್ತರಾದವರು. ಪಟ್ಟಿಯ ಏಳನೇ ಬೇಡಿಕೆ ಅವರದು: ಉದ್ಯಾನದಲ್ಲಿ ಅವರೂ ಅವರ ಗೆಳೆಯರೂ ದಿನಾ ಕೂರುವ ಬೆಂಚುಗಳ ಮೇಲೊಂದು ಚಾವಣಿ. ಬಂದವರೇ ಮೇಜಿನ ಪಕ್ಕ ನಿಂತು, ಏಳಕ್ಕೆ ಹಾಕಿ, ಏಳಕ್ಕೆ ಹಾಕಿ ಎಂದು ಶುರು ಮಾಡಿದರು. ಪೆಟ್ಟಿಗೆಯಿಂದ ನೂರು ಹೆಜ್ಜೆಯೊಳಗೆ ಯಾರೂ ಪ್ರಚಾರ ಮಾಡುವಂತಿಲ್ಲ ಎಂದು ಅವಳು ನಿಯಮ ಓದಿ ಹೇಳಿದಳು. ಯಾರ ಹೆಜ್ಜೆ ಎಂದು ಅವರು ಕೇಳಿದರು. ನಿಯಮದಲ್ಲಿ ಅದು ಬರೆದಿರಲಿಲ್ಲ. ಕೊನೆಗೆ ಅವಳೇ ಮೇಜು ಬಿಟ್ಟು, ಮಾರುಕಟ್ಟೆಯವರೆಲ್ಲ ನೋಡುತ್ತಿರುವಂತೆ ನೂರು ಹೆಜ್ಜೆ ಎಣಿಸಿ, ಸ್ವಂತ ಚಿಕ್ಕಪ್ಪನನ್ನು ಮೀನಿನ ಅಂಗಡಿಯ ಮುಂದೆ ನಿಲ್ಲಿಸಿ ಬಂದಳು.

ಮರುದಿನ ಗ್ರಂಥಾಲಯಕ್ಕೂ ಬಂದರು. ಅದರ ಮರುದಿನ ಈಜುಕೊಳಕ್ಕೂ. ಇವಳು ಎಲ್ಲಿರುತ್ತಾಳೆಂದು ಬಾಯಿಬಿಡುತ್ತಿದ್ದವನು ಮನೆಯಲ್ಲಿದ್ದ ಗಂಡನೇ ಎಂದು ಗೊತ್ತಾದಾಗ ಅವಳಿಗೆ ಯಾರ ಮೇಲೆ ಕೂಗಾಡಬೇಕೆಂದೇ ತಿಳಿಯಲಿಲ್ಲ.

ಐದನೇ ದಿನ ಆಸ್ಪತ್ರೆಯ ಹೊರರೋಗಿಗಳ ಹಜಾರ. ಇನ್ನೂರು ಕುರ್ಚಿ, ಒಂದೂ ಖಾಲಿಯಿಲ್ಲ. ಇಲ್ಲಿನ ಜನಕ್ಕೆ ಬೇಕಾದಷ್ಟು ಸಮಯವಿತ್ತು, ಮನಸ್ಸೂ ಇತ್ತು. ಆದರೆ ಮತಪತ್ರವನ್ನು ಓದಲಾಗುತ್ತಿರಲಿಲ್ಲ. ಕಾಗದ ಉಳಿಸಲು ಮೇಲಧಿಕಾರಿ ಹದಿನೆಂಟು ಬೇಡಿಕೆಗಳನ್ನೂ ಒಂದೇ ಮಗ್ಗುಲಲ್ಲಿ ತುರುಕಿಸಿದ್ದರು, ಅಕ್ಷರಗಳು ಇರುವೆ ಸಾಲಿನಂತಿದ್ದವು. ಒಬ್ಬರ ಕಣ್ಣಿಗೆ ಪಟ್ಟಿ, ಒಬ್ಬರ ಕೈ ನಡುಕ, ಒಬ್ಬರ ಕನ್ನಡಕ ಮನೆಯಲ್ಲಿ. ಅವಳೇ ನಿಂತು ಎರಡು ಸಲ ಗಟ್ಟಿಯಾಗಿ ಓದಿದಳು. ಮೂರನೇ ಸಾಲಿನಾಚೆ ಯಾರಿಗೂ ಕೇಳಿಸಲಿಲ್ಲ, ಗಂಟಲು ಮಾತ್ರ ಕಟ್ಟಿತು. ಮೇಲಧಿಕಾರಿಗೆ ಫೋನು ಮಾಡಿದರೆ, ಬರುವಾಗ ಕನ್ನಡಕ ತರಲು ಹೇಳಿ ಎಂದರು. ಅವಳು ಫೋನನ್ನು ಪೆಟ್ಟಿಗೆಯ ಮೇಲೆ ಕುಕ್ಕಿದಳು.

ಕಿಟಕಿಯಾಚೆ, ಗೇಟಿನ ಹೊರಗೆ ಚಿಕ್ಕಪ್ಪ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಅಲ್ಲಿಗೆ ನಡೆದಳು.

“ನೂರು ಹೆಜ್ಜೆ ಆಗಿದೆ, ಎಣಿಸ್ಕೋ” ಎಂದರು ಅವರು.

“ಎಣಿಸೋಕೆ ಬಂದಿಲ್ಲ ಚಿಕ್ಕಪ್ಪ. ಒಳಗೆ ಬಂದು ಪಟ್ಟಿ ಓದಿ. ಹದಿನೆಂಟೂ ಓದ್ಬೇಕು, ಎಲ್ಲಾನೂ ಒಂದೇ ದನೀಲಿ. ಏಳು ಬಂದಾಗ ಒಂದು ಚೂರು ಜೋರಾದ್ರೂ ನಾನೇ ಹೊರಗೆ ಕಳಿಸ್ತೀನಿ.”

“ಪುಟ್ಟೀ, ನನಗೇ ಷರತ್ತಾ?”

“ನಿಮಗಲ್ದೆ ಇನ್ಯಾರಿಗೆ?”

ನಲವತ್ತಾರು ವರ್ಷದ ಪುಟ್ಟಿಯ ಹಿಂದೆ ಅವರು ಗೊಣಗುತ್ತಾ ಬಂದರು. ಹಜಾರದ ನಡುವೆ ನಿಂತು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಹೊರಟಿತು ನೋಡಿ ಆ ದನಿ: ಅವಸರವಿಲ್ಲದೆ, ಪ್ರತಿ ಪದವೂ ಗೋಡೆ ತಲುಪುವಂತೆ. ತೂಕಡಿಸುತ್ತಿದ್ದ ಒಬ್ಬ ಮುದುಕ ಚೀಲ ಎತ್ತಿಕೊಂಡು ಎದ್ದೇಬಿಟ್ಟ, ಪಕ್ಕದವರು ಕೈಹಿಡಿದು ಕೂರಿಸಬೇಕಾಯಿತು. ಏಳನೆಯದನ್ನು ಅವರು ಆರನೆಯದರಂತೆಯೇ ಓದಿದರು. ಹನ್ನೊಂದನೆಯದು ಆಸ್ಪತ್ರೆ ಮುಂದಿನ ಬಸ್ ತಂಗುದಾಣಕ್ಕೆ ಚಾವಣಿ ಮತ್ತು ಕೂರಲು ಜಾಗ. ಅದನ್ನು ಓದಿದಾಗ ಕಣ್ಣಿಗೆ ಪಟ್ಟಿ ಕಟ್ಟಿದ್ದ ಹೆಂಗಸು, ಇನ್ನೊಮ್ಮೆ ಹೇಳಿ ಎಂದಳು. ಹೇಳಿದರು. ವಾರಕ್ಕೆ ಮೂರು ದಿನ ಅಮ್ಮನನ್ನು ಆ ಬಿಸಿಲಲ್ಲಿ ನಿಲ್ಲಿಸಿಕೊಂಡಿರುತ್ತೇನೆ ಎಂದು ಅವಳು ಯಾರಿಗೂ ಅಲ್ಲದಂತೆ ಅಂದಳು.

ಅಂದು ಬಿದ್ದ ಮತ ನೂರ ಅರವತ್ತಮೂರು. ಕೊನೆಯಲ್ಲಿ ಚಿಕ್ಕಪ್ಪನೂ ಒಂದು ಮತಪತ್ರ ಕೇಳಿ ಪಡೆದು, ಅಂಗೈ ಅಡ್ಡ ಹಿಡಿದು ಗುರುತು ಹಾಕಿದರು. ಮಾರನೆಯ ದಿನ ಪ್ರಚಾರಕ್ಕೆ ಬರಲಿಲ್ಲ. ಕಾಟ ತಪ್ಪಿತು ಎಂದುಕೊಂಡಳು, ಆದರೂ ದಿನವಿಡೀ ಕಣ್ಣು ನೂರು ಹೆಜ್ಜೆ ಆಚೆಗೇ ಹೋಗುತ್ತಿತ್ತು.

ಫಲಿತಾಂಶ ಬಂತು. ಐದು ಬೇಡಿಕೆಗಳಿಗೆ ಅನುದಾನ, ಮೊದಲನೆಯದು ಆಸ್ಪತ್ರೆಯ ತಂಗುದಾಣ. ಬೆಂಚಿನ ಚಾವಣಿ ಒಂಬತ್ತನೆಯದಾಗಿ ಹೊರಗುಳಿಯಿತು. ಮೂರು ದಿನ ಚಿಕ್ಕಪ್ಪನ ಸುಳಿವಿಲ್ಲ. ನಾಲ್ಕನೆಯ ದಿನ ಕಚೇರಿಗೇ ಬಂದು ಅವಳ ಎದುರು ಕುರ್ಚಿ ಎಳೆದುಕೊಂಡರು.

“ಎಲ್ಲಾ ನಿನ್ನಿಂದಾನೇ ಆಗಿದ್ದು” ಎಂದರು. “ಒಂದೇ ದನೀಲಿ ಓದಿಸಿದೆ. ಓದ್ತಾ ಓದ್ತಾ ನಂದು ನನಗೇ ಚಿಕ್ಕದಾಗಿ ಕೇಳಿಸ್ತು. ಏಳಕ್ಕೆ ನಾನೇ ಹಾಕ್ಲಿಲ್ಲ.”

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ. ಐದು ದಿನ ಜೀವ ತಿಂದ ಮನುಷ್ಯ.

“ಹಾಕದಿದ್ರೆ ಬಿಡಿ, ಯಾರಿಗೆ ಗೊತ್ತಾಗುತ್ತೆ?”

“ಬೆಂಚಿನವರಿಗೆ ನಾನೇ ಹೇಳ್ಬಿಟ್ಟೆ. ಹನ್ನೊಂದು ಜನ ಮಾತು ಬಿಟ್ಟಿದ್ದಾರೆ. ನಿನ್ನಿಂದಾನೇ ಆಗಿದ್ದು ಅಂತ ನೀನೇ ಬಂದು ಹೇಳು.”

ನನ್ನ ಕೆಲಸ ಅದಲ್ಲ ಎಂದಳು. ಅವರು ಏಳಲಿಲ್ಲ. ಕೊನೆಗೆ ಅವಳು ಅರ್ಧ ದಿನದ ರಜೆ ಬರೆದುಕೊಟ್ಟು ಅವರ ಜೊತೆ ಉದ್ಯಾನಕ್ಕೆ ಹೋದಳು. ಹನ್ನೊಂದು ಜನ ಮುದುಕರು ಸರದಿಯಂತೆ ಅವಳನ್ನು ಬೈದರು: ಅಕ್ಷರದ ಗಾತ್ರಕ್ಕೆ, ಹೆಜ್ಜೆಯ ಲೆಕ್ಕಕ್ಕೆ, ಇಡೀ ನಗರಸಭೆಗೆ. ಚಿಕ್ಕಪ್ಪ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದರು. ಎಲ್ಲರ ಬೈಗುಳ ಮುಗಿದ ಮೇಲೆ ಒಬ್ಬರು ಸರಿದು ಅವಳಿಗೂ ಬೆಂಚಿನಲ್ಲಿ ಜಾಗ ಮಾಡಿದರು. ಕಲ್ಲು ಕಾದ ಹೆಂಚಿನಂತೆ ಸುಡುತ್ತಿತ್ತು. ಆದರೂ ಅವಳು ಕೂತಳು.