ಬಿಸಿಲಿಗೆ ಹಿಡಿದ ಜೆಟ್ಟು

ಬಿಳಿ, ಬರೀ ಬಿಳಿ, ಪೆಟ್ರೋಲು ಹಾಯುವ ಈ ಹಿತ್ತಾಳೆ ಜೆಟ್ಟನ್ನು ಬಿಸಿಲಿಗೆ ಹಿಡಿದರೆ ನಡುವಿನ ತೂತಿನಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣಬೇಕು, ಪೋಕರ್ ಬ್ಯಾರಿಗೆ ಕಾಣುವುದು ಗಂಜಿತಿಳಿಯಂಥ ಕದಡಿದ ಬಿಳಿ ಮಾತ್ರ, ಎಡಗಣ್ಣು ಮುಚ್ಚಿದರೂ ಅಷ್ಟೆ, ಬಲಗಣ್ಣು ಮುಚ್ಚಿದರೂ ಅಷ್ಟೆ — ಎಪ್ಪತ್ತೊಂದನೇ ಇಸವಿಯಲ್ಲಿ ಕಡಬ ಪೇಟೆಯಲ್ಲಿ ಅಂಗಡಿ ಹಾಕಿ ಹನ್ನೆರಡು ವರ್ಷ ಮೋಟಾರ್ ಸೈಕಲ್ಲುಗಳ ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು, ಈಗ ಕಣ್ಣು ಕೈಕೊಟ್ಟಿತು, ಹೆಂಡತಿ ಆಸ್ಯಮ್ಮನಿಗೂ ಹೇಳಿಲ್ಲ, ಹೇಳಿದರೆ ಪುತ್ತೂರಿನ ಡಾಕ್ಟರಲ್ಲಿಗೆ ಎಳೆದುಕೊಂಡು ಹೋಗುತ್ತಾಳೆ, ಸುದ್ದಿ ಪೇಟೆಗೆಲ್ಲ ಹಬ್ಬುತ್ತದೆ, ಕಣ್ಣು ಕಾಣದವನ ಕೈಗೆ ಬೈಕು ಕೊಡುವವರು ಯಾರು, ಅದಕ್ಕೇ ಈ ಉಪಾಯ, ತೊಳೆದು ಬಾಯಿಂದ ಊದಿದ ಜೆಟ್ಟನ್ನು ಗಿರಾಕಿಯ ಕೈಗೇ ಕೊಡುವುದು, ನೀವೇ ನೋಡಿ ಮಾರಾಯ್ರೆ, ಓಪನ್ ಉಂಟಾ, ನಾಳೆ ನನಗೆ ಹೇಳ್ಬಾರ್ದು, ಅವರು ಉಂಟು ಉಂಟು ಎಂದಮೇಲೆ ಕೂಡಿಸುವುದು, ಬ್ಯಾರಿ ಪ್ರಾಮಾಣಿಕ ಎಂದು ಊರೆಲ್ಲ ಹೊಗಳಿಕೆ, ಎಂಥ ಪ್ರಾಮಾಣಿಕ, ಕಂಡವರ ಕಣ್ಣಿನಲ್ಲಿ ಹೊಟ್ಟೆ ಹೊರೆಯುವವನು, ಸೋಮವಾರ ಒಂದು ದಿನ ಉಪಾಯ ತಪ್ಪಿತು, ಪೆರಾಬೆಯ ಸಂಕಪ್ಪ ಗೌಡರು ಬೈಕು ಬಿಟ್ಟು ಚಾ ಕುಡಿಯಲು ಹೋಗಿದ್ದರು, ಕಾದು ಬೇಸರವಾಗಿ ತಾನೇ ಹಿಡಿದು ನೋಡಿದ, ಬಿಳಿ ಕಂಡಿತು, ಬಿಳಿ ಎಂದರೆ ಬೆಳಕೇ ಅಲ್ಲವೇ ಎಂದು ಕೂಡಿಸಿಬಿಟ್ಟ, ಸ್ಟಾರ್ಟ್ ಆಯಿತು, ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು — ಗುರುವಾರ ಬೆಳಗ್ಗೆ ಗೌಡರ ಹೆಂಡತಿ ಸೀತುವಿಗೆ ಹೆರಿಗೆ ನೋವು ಬಂದು, ಪುತ್ತೂರಿನ ಬಸ್ಸು ಹೋಗಿಯಾಗಿ, ಹಿಂದೆ ಕೂರಿಸಿಕೊಂಡು ಹೊರಟರೆ ರಾಮಕುಂಜದ ಏರಿನಲ್ಲಿ ಬೈಕು ನಿಂತಿತು, ಕಿಕ್ ಹೊಡೆದು ಹೊಡೆದು ಗೌಡರ ಕಾಲು ಸೋತಿತು, ಜೀಪು ಸಿಗುವವರೆಗೆ ಒಂದೂವರೆ ಗಂಟೆ ಸೀತು ಮೈಲುಕಲ್ಲಿನ ಮೇಲೆ ಕೂತಿದ್ದಳಂತೆ, ಹೊಟ್ಟೆಗೆ ಎರಡೂ ಕೈ ಒತ್ತಿಕೊಂಡು ಕೂತಿದ್ದಳಂತೆ, ತಾಯಿ ಉಳಿದಳು, ಮಗು ಉಳಿಯಲಿಲ್ಲ.

ನಿಮ್ದು ಎಂತ ತಪ್ಪು ಬ್ಯಾರಿಗಳೇ, ಎನ್ನುತ್ತಿದ್ದಾರೆ ಗೌಡರು ಈಗ ಸ್ಟೂಲಿನಲ್ಲಿ ಕೂತು, ಪೆಟ್ರೋಲಿಗೆ ಚಿಮಿಣೆಣ್ಣೆ ಬೆರೆಸಿದ್ದಾರೆ, ಅದರ ಕಸ, ಬೇಗ ಮಾಡಿ ಕೊಡಿ, ಆಸ್ಪತ್ರೆಗೆ ಹೋಗ್ಬೇಕು, ಅವಳು ಒಬ್ಳೇ ಇದ್ದಾಳೆ — ಪೋಕರ್ ಅದೇ ಬೈಕಿನಿಂದ ಬಿಚ್ಚಿದ ಜೆಟ್ಟನ್ನು ಚಾಚುತ್ತಾನೆ, ನೋಡಿ ಗೌಡ್ರೇ, ಗೌಡರು ಕೈ ನೀಡುವುದಿಲ್ಲ, ನಾನೆಂತ ನೋಡುದು, ನೀವು ನೋಡಿದ್ರೆ ಸಾಕು, ನಿಮ್ಮ ಮೇಲೆ ನಂಬಿಕೆ ಉಂಟು — ನಂಬಿಕೆ, ಯಾ ಅಲ್ಲಾ, ಬೈದಿದ್ದರೆ ಸುಖವಿತ್ತು, ಅಂಗಿಯ ಕಾಲರ್ ಹಿಡಿದಿದ್ದರೆ ಇನ್ನೂ ಸುಖ, ಎಷ್ಟು ಸಾಕಾಗಿದೆ ಈ ಕಳ್ಳಾಟ, ಓಪನ್ ಉಂಟು ಎಂದುಬಿಟ್ಟರೆ ಮುಗಿಯಿತು, ಒಂದು ಮಾತು, ಗೌಡರು ಹೊರಡುತ್ತಾರೆ, ಮತ್ತೆ ಅದೇ ಏರು, ಅದೇ ಮೈಲುಕಲ್ಲು, ಅದರ ಮೇಲೆ ಹೊಟ್ಟೆ ಒತ್ತಿಕೊಂಡು — ನನ್ನ ಕಣ್ಣಿಗೆ ಕಾಣುದಿಲ್ಲ ಗೌಡ್ರೇ, ಎಂದುಬಿಟ್ಟ, ತನ್ನದೇ ಬಾಯಿ, ತಡೆಯಲಾಗಲಿಲ್ಲ, ಎಂತ, ಎಂತ ಹೇಳಿದಿರಿ, ಎಂದರು ಗೌಡರು, ಕಾಣುದಿಲ್ಲ, ಆರು ತಿಂಗಳಾಯ್ತು, ಸೋಮವಾರವೂ ಕಾಣ್ಲಿಲ್ಲ, ಕಂಡಿದೆ ಅಂತ ಹಾಕಿದೆ.

ಗೌಡರು ಎದ್ದು ಬಂದರು, ಜೆಟ್ಟು ಕಸಿದುಕೊಂಡರು, ಬಿಸಿಲಿಗೆ ಹಿಡಿದರು, ಎಷ್ಟು ಹೊತ್ತು ಹಿಡಿದರೋ, ಆಮೇಲೆ ಉಗುರಿನಿಂದ ಕೆದಕಿ ಏನನ್ನೋ ಎಳೆದು ಪೋಕರನ ಅಂಗೈಗೆ ಹಾಕಿದರು, ಬೆರಳಲ್ಲಿ ತಿಕ್ಕಿ ನೋಡಿದ, ನೂಲು, ಪೆಟ್ರೋಲಿನ ಕಸ ಅಲ್ಲ, ತಾನು ಒರಸುವ ಬಟ್ಟೆಯ ಎಳೆ, ತಾನೇ ಒರಸಿ ತಾನೇ ಕೂಡಿಸಿದ ಎಳೆ, ಗೌಡರು ಏನಾದರೂ ಹೇಳಲಿ, ಹೊಡೆಯಲಿ, ಅವರ ಮುಖವೂ ಬಿಳಿ, ಅಂಗಡಿಯೂ ಬಿಳಿ, ಕಾಣುವುದು ಆ ಕಲ್ಲೊಂದೇ, ಅದರ ಮೇಲೆ ಸೀತು, ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡು, ಏರಿನ ಕೆಳಗೆ ನೋಡುತ್ತಾ, ಯಾವುದಾದರೂ ಗಾಡಿ ಬರುತ್ತದೋ ಎಂದು